ಜಾಲಹಳ್ಳಿ, ಮತ್ತೀಕೆರೆ, ಪೀಣ್ಯ ಕಡೆ ಬೆಳೆದವರು ಬನ್ನಿ: ಶಾಲೆ, ಕ್ವಾರ್ಟರ್ಸ್, ಅಕ್ಕಪಕ್ಕದ ಮನೆಯವರು

ಎಸ್ಟೇಟ್ ಹುಡುಗ:

ಬೆಂಗಳೂರಿನ ಕಾರ್ಖಾನೆ ಕಾಲೊನಿಗಳಲ್ಲಿ 70, 80ರ ದಶಕದಲ್ಲಿ ಬೆಳೆದವರೆಲ್ಲ ಇಲ್ಲಿ ಬರೆಯಿರಿ. ಕಾರ್ಖಾನೆಗಳ ಕಥೆ ಎಲ್ಲರಿಗೂ ಗೊತ್ತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ. ನನಗೆ ಬೇಕಾಗಿರುವುದು ಅದಲ್ಲ. ಗೇಟಿನ ಹೊರಗೆ, ಸಾಲು ಮನೆಗಳಲ್ಲಿ ನಾವು ಹೇಗೆ ಬೆಳೆದೆವು, ಯಾರು ನಮ್ಮನ್ನು ನೋಡಿಕೊಂಡರು, ಶಾಲೆ ಹೇಗಿತ್ತು, ಅದು ಬೇಕು.

ನಾನೇ ಶುರು ಮಾಡುತ್ತೇನೆ.

ನಮ್ಮ ಬ್ಲಾಕಿನಲ್ಲಿ ಎಲ್ಲರ ಮನೆ ಬೀಗದಕೈಯೂ ಒಂದೇ ಕಡೆ ಇರುತ್ತಿತ್ತು. ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು, ಪಾಲಕ್ಕಾಡ್ ಕಡೆಯವರು. ಹಗಲು ಹೊತ್ತು ಖಾಯಂ ಮನೆಯಲ್ಲಿರುತ್ತಿದ್ದವರು ಅವರೊಬ್ಬರೇ. ಅವರ ಬಾಗಿಲ ಹಿಂದೆ ಒಂದು ಮರದ ಪಟ್ಟಿ, ಅದರ ಉದ್ದಕ್ಕೂ ಮೊಳೆ. ಒಂದು ಕೀಗೆ ಕೆಂಪು ದಾರ, ಇನ್ನೊಂದಕ್ಕೆ ವಾಷರ್, ಮತ್ತೊಂದಕ್ಕೆ ಹಿತ್ತಾಳೆ ತುಂಡು. ಹಿತ್ತಾಳೆದು ನಮ್ಮದು. ಅಪ್ಪ ಅದರ ಮೇಲೆ ಪಂಚ್ ಇಟ್ಟು ಹೊಡೆದು ಮನೆ ನಂಬರ್ ಕೂರಿಸಿದ್ದರು. ಅಂಕಿಗಳು ಒಂಚೂರೂ ಓರೆಯಾಗಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಮೊದಲು ಅಜ್ಜಿ ಬಾಗಿಲಿಗೇ ಹೋಗಬೇಕು. ಮೊಳೆ ಖಾಲಿ ಇದ್ದರೆ ಮನೆಯಲ್ಲಿ ಯಾರೋ ಇದ್ದಾರೆ ಅಂತ ಲೆಕ್ಕ. ಕೀ ಅಲ್ಲೇ ಇದ್ದರೆ ಅಜ್ಜಿ ಕೂಡಲೇ ಕೊಡುತ್ತಿರಲಿಲ್ಲ. ಕೈಕಾಲು ತೊಳೆಸಿ, ಏನಾದರೂ ತಿನ್ನಿಸಿ, ಡೈರಿ ತಿರುವಿ ನೋಡಿ, ಆಮೇಲೆ ಕೀ. ಅಜ್ಜಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಕೆಂಪು ಇಂಕು ಕಂಡರೆ ಸಾಕು, ಏನೋ ಆಗಿದೆ ಅಂತ ಗೊತ್ತಾಗಿಬಿಡುತ್ತಿತ್ತು.

ಶಾಲೆಯಲ್ಲೂ ಶಿಫ್ಟಿನದೇ ಲೆಕ್ಕ. ಅಪ್ಪನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರ ನಾವು ಅವರ ಮುಖ ನೋಡುತ್ತಿದ್ದದ್ದು ಭಾನುವಾರ ಮಾತ್ರ. ನಾವು ಬೆಳಿಗ್ಗೆ ಹೊರಡುವಾಗ ಮಲಗಿರುತ್ತಿದ್ದರು, ನಾವು ವಾಪಸ್ ಬರುವಷ್ಟರಲ್ಲಿ ಹೋಗಿರುತ್ತಿದ್ದರು. ಪ್ರೋಗ್ರೆಸ್ ಕಾರ್ಡ್ ಕೊಡುವ ದಿನ ನಮ್ಮ ಕ್ಲಾಸ್ ಟೀಚರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, "ನಿಮ್ಮಪ್ಪ ಈ ವಾರ ಯಾವ ಶಿಫ್ಟು?" ಸೆಕೆಂಡ್ ಶಿಫ್ಟ್ ಅಂದವರಿಗೆ ಸೋಮವಾರದವರೆಗೆ ಟೈಮ್. ಇಡೀ ಊರೇ ಕಾರ್ಖಾನೆ ಸೈರನ್ನಿಗೆ ಹೊಂದಿಕೊಂಡಿದ್ದಾಗ ಶಾಲೆ ಬೇರೆ ಥರ ಇರುವುದಕ್ಕೆ ಹೇಗೆ ಸಾಧ್ಯ?

ಒಂದು ಮಾತು ಹೇಳಬೇಕು. ಅಕ್ಕಪಕ್ಕದವರು ಒಳ್ಳೆಯವರಿದ್ದರು, ಕಾಲ ಚೆನ್ನಾಗಿತ್ತು ಅಂತ ಸುಮ್ನೆ ಹೇಳಿಬಿಡುತ್ತೇವೆ. ನನಗನ್ನಿಸುವುದು ಬೇರೆ. ಕ್ವಾರ್ಟರ್ಸ್ ಸಿಗುತ್ತಿದ್ದದ್ದು ಗ್ರೇಡ್ ಮತ್ತು ಸೀನಿಯಾರಿಟಿ ಲಿಸ್ಟ್ ಪ್ರಕಾರ. ಪಕ್ಕದ ಮನೆಗೆ ಯಾರು ಬರುತ್ತಾರೆ ಅನ್ನೋದನ್ನು ನಾವು ಆರಿಸುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಪೇಟೆ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ "ನೀವು ಯಾವ ಜನ?" ನಮ್ಮ ಬ್ಲಾಕಿನಲ್ಲಿ ಕೋಲಾರದ ಫಿಟ್ಟರ್, ಸೇಲಂನ ಟರ್ನರ್, ನೆಲ್ಲೂರಿನ ಎಲೆಕ್ಟ್ರಿಷಿಯನ್, ಚನ್ನಪಟ್ಟಣದ ಡ್ರೈವರ್ ಒಂದೇ ಮೆಟ್ಟಿಲು ಹತ್ತುತ್ತಿದ್ದರು. ನಮ್ಮನ್ನು ಹತ್ತಿರ ತಂದದ್ದು ಆ ಲಿಸ್ಟು. ಒಳ್ಳೆಯತನ ಆಮೇಲೆ ಬಂತು. ನೀವೇನಂತೀರಿ?

ವಾಚ್ ಫ್ಯಾಕ್ಟರಿ ಮಗಳು:

ಕೀ ವಿಷಯ ಓದಿ ಕಣ್ಣು ತುಂಬಿತು. ನಮ್ಮ ಸಾಲಿನಲ್ಲೂ ಹೀಗೇ ಇತ್ತು. ಅಲ್ಲಿ ಮೊಳೆ ಇರಲಿಲ್ಲ, ಹಾರ್ಲಿಕ್ಸ್ ಬಾಟಲಿ ಇತ್ತು.

ಎಲ್ಲರೂ ಅಪ್ಪಂದಿರ ಬಗ್ಗೆ ಬರೆಯುತ್ತಾರೆ. ನಾನು ಅಮ್ಮನ ಬಗ್ಗೆ ಬರೆಯುತ್ತೇನೆ. ವಾಚ್ ಫ್ಯಾಕ್ಟರಿಯ ಅಸೆಂಬ್ಲಿಯಲ್ಲಿ ಬಹಳ ಜನ ಹೆಂಗಸರಿದ್ದರು. ನಮ್ಮಮ್ಮ ಅವರಲ್ಲೊಬ್ಬರು. ಕಣ್ಣಿಗೆ ಲೆನ್ಸು, ಕೈಯಲ್ಲಿ ಚಿಮುಟ, ಎದುರಿಗೆ ತಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಹೇರ್ ಸ್ಪ್ರಿಂಗ್ ಅಂತ ಒಂದಿರುತ್ತದೆ, ಕೂದಲಷ್ಟು ತೆಳ್ಳಗಿನ ಸುರುಳಿ. ಉಸಿರು ಜೋರಾಗಿ ಬಿಟ್ಟರೂ ಅಲುಗುತ್ತದೆ ಅಂತ ಅಮ್ಮ ಹೇಳುತ್ತಿದ್ದರು. ಅದೇ ಕೈ ಮನೆಯಲ್ಲಿ ಮೊರದ ಮುಂದೆ ಕೂತರೆ ಅಕ್ಕಿಯಲ್ಲಿ ಒಂದು ಕಲ್ಲೂ ಉಳಿಯುತ್ತಿರಲಿಲ್ಲ. ಅಕ್ಕಪಕ್ಕದವರು ಮದುವೆ, ನಾಮಕರಣ ಅಂದರೆ ಅಕ್ಕಿ ಆರಿಸಲು ಅಮ್ಮನನ್ನೇ ಕರೆಯುತ್ತಿದ್ದರು.

ಆಯುಧಪೂಜೆ ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ವರ್ಷಕ್ಕೆ ಅದೊಂದೇ ದಿನ. ನಮಗೆ ದಸರಾ ಅಂದರೆ ಅದೇ. ಯಂತ್ರಗಳಿಗೆ ಕುಂಬಳಕಾಯಿ, ಚೆಂಡು ಹೂವಿನ ಹಾರ, ಅರಿಶಿನ ಕುಂಕುಮ. ಅಮ್ಮ ತಾನು ಕೂರುವ ಜಾಗ ತೋರಿಸಿದರು. ಎಚ್‌ಎಂಟಿಯ ಒಂದು ಜನತಾ ಮಾಡೆಲ್ ವಾಚನ್ನು ನನ್ನ ಕಿವಿಗಿಟ್ಟು "ಎಣಿಸು" ಅಂದರು. ಎಣಿಸಲು ಆಗಲಿಲ್ಲ, ಅಷ್ಟು ಬೇಗ. ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಒಳಗಿನ ಭಾಗ ಸವೆಯದಿರಲಿ ಅಂತ 17 ಜ್ಯುಯೆಲ್ (ಸಣ್ಣ ಕಲ್ಲು) ಇದೆ, ಕೀ ಕೊಟ್ಟರೆ ಒಂದು ದಿನಕ್ಕಿಂತ ಜಾಸ್ತಿ ಓಡುತ್ತದೆ ಅಂತ ವಿವರಿಸಿದರು. ನಮ್ಮಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಅವತ್ತು ಆ ಬೆಂಚಿನ ಹತ್ತಿರ ಅವರು ಮಾತಾಡಿದ ರೀತಿ ನೋಡಿ, ನಮ್ಮ ಸೈನ್ಸ್ ಟೀಚರ್‌ಗಿಂತ ಇವರಿಗೇ ಜಾಸ್ತಿ ಗೊತ್ತು ಅಂತ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಅಮ್ಮ ಡ್ಯೂಟಿಗೆ ಹೋದಾಗ ತಲೆ ಬಾಚಿ ಜಡೆ ಹಾಕುತ್ತಿದ್ದವರು ಎದುರು ಮನೆ ತೆಲುಗು ಅತ್ತೆ. ಎರಡು ಜಡೆ, ಬಿಳಿ ರಿಬ್ಬನ್, ಸೋಮವಾರ ಮಾತ್ರ ಹೂವು. ಅವರ ಮಕ್ಕಳಿಬ್ಬರೂ ಗಂಡು. "ಜಡೆ ಹಾಕುವ ಆಸೆ ನಿನ್ನಲ್ಲೇ ತೀರಿಸಿಕೊಳ್ಳಬೇಕು" ಅನ್ನುತ್ತಿದ್ದರು.

ದೂರವಾಣಿನಗರದವನು:

ನಾವು ಊರಿನ ಇನ್ನೊಂದು ಕಡೆ, ಕೆ.ಆರ್. ಪುರದ ಹತ್ತಿರ ಐಟಿಐ ಕಾಲೊನಿ, ಅಂದರೆ ಟೆಲಿಫೋನ್ ಕಾರ್ಖಾನೆಯದು. 1948ರಲ್ಲಿ ಶುರುವಾದ ಕಾರ್ಖಾನೆ, ನಿಮ್ಮ ಎಚ್‌ಎಂಟಿಗಿಂತ ಹಿರಿಯಣ್ಣ. ನಮ್ಮನ್ನೂ ಸೇರಿಸಿಕೊಳ್ಳಿ.

ಪಕ್ಕದ ಮನೆ ಮಾವನ ಬಗ್ಗೆ ಬರೆಯಬೇಕು. ಸ್ಟ್ರೌಜರ್ ಅನ್ನೋ ಹಳೇ ಥರದ ಟೆಲಿಫೋನ್ ಎಕ್ಸ್‌ಚೇಂಜ್ ವಿಭಾಗದಲ್ಲಿದ್ದರು. ಸಂಜೆ ಕರೆಂಟು ಹೋದರೆ ಮಕ್ಕಳನ್ನೆಲ್ಲ ಜಗಲಿ ಮೇಲೆ ಕೂರಿಸಿಕೊಂಡು ಬೆಂಕಿಕಡ್ಡಿ ಜೋಡಿಸಿ ಫೋನ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುತ್ತಿದ್ದರು. ನೀನು ಡಯಲ್‌ನಲ್ಲಿ 5 ತಿರುಗಿಸಿದೆ, ಡಯಲ್ ವಾಪಸ್ ಬರುವಾಗ ಐದು ಸಲ ಕರೆಂಟು ಕಟ್ ಆಗುತ್ತದೆ. ಅಲ್ಲಿ ಎಕ್ಸ್‌ಚೇಂಜ್‌ನಲ್ಲಿ ಒಂದು ಕಡ್ಡಿ ಐದು ಮೆಟ್ಟಿಲು ಮೇಲೆ ಹತ್ತುತ್ತದೆ. ಹತ್ತಿದ ಮೇಲೆ ಪಕ್ಕಕ್ಕೆ ತಿರುಗಿ ಖಾಲಿ ಇರುವ ದಾರಿ ಹುಡುಕುತ್ತದೆ. ಸಿಕ್ಕಿತು ಅಂದರೆ ಮುಂದಿನ ನಂಬರಿಗೆ ಕಾಯುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು. ಬೆಂಕಿಕಡ್ಡಿ ಹಿಡಿದು "ಟಕ್ ಟಕ್ ಟಕ್ ಟಕ್ ಟಕ್, ಝರ್ರ್" ಅಂತ ಅವರು ಸದ್ದು ಮಾಡಿದರೆ ನಾವೂ ಜೊತೆಗೆ ಕೂಗುತ್ತಿದ್ದೆವು. ಆ ದಿನಗಳಲ್ಲಿ ನಮ್ಮ ಸಾಲಿನ ಯಾರ ಮನೆಯಲ್ಲೂ ಫೋನ್ ಇರಲಿಲ್ಲ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ ಅದು. ನಾನು ಮೊದಲ ಸಲ ಫೋನ್ ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಆದರೆ ಅದರ ಒಳಗೆ ಏನಾಗುತ್ತದೆ ಅನ್ನೋದು ಆರನೇ ಕ್ಲಾಸಿಗೇ ಗೊತ್ತಿತ್ತು.

ಅವರು ಯಾವತ್ತೂ ಅದನ್ನು ಪಾಠ ಅನ್ನಲಿಲ್ಲ. ನಾನು ಎಂಜಿನಿಯರಿಂಗ್ ಓದಿದ್ದು ಅವರ ಜಗಲಿಯಿಂದ.

ದಾಸರಹಳ್ಳಿ ಕಡೆಯವಳು:

ಎಲ್ಲರೂ ಬರೆದದ್ದನ್ನು ಪ್ರೀತಿಯಿಂದ ಓದುತ್ತಿದ್ದೇನೆ. ಆದರೆ ಕಾಂಪೌಂಡಿನ ಈ ಕಡೆ ಬೆಳೆದವರೂ ಇದ್ದೇವೆ, ಅದೂ ಇಲ್ಲಿ ಬರಬೇಕು.

ನಮ್ಮಪ್ಪ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದರು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿ ಕೊಡುವ ಶೆಡ್ಡು. ಕ್ವಾರ್ಟರ್ಸ್ ಇಲ್ಲ, ಕ್ಯಾಂಟೀನ್ ಇಲ್ಲ, ಫ್ಯಾಕ್ಟರಿ ಬಸ್ ಇಲ್ಲ, ಆಸ್ಪತ್ರೆ ಅಂದರೆ ರಾಜಾಜಿನಗರದ ಇಎಸ್‌ಐಗೇ ಹೋಗಬೇಕು. ಶಾಲೆಯಲ್ಲಿ ನಾವೆಲ್ಲ ಒಂದೇ ಬೆಂಚು. ಆದರೆ ಕಾಲೊನಿ ಮಕ್ಕಳಿಗೆ ಫೀಸು ಕಡಿಮೆ, ನಮಗೆ ಪೂರ್ತಿ. ಅವರಿಗೆ ಬಸ್ಸು, ನಾವು ನಡೆದುಕೊಂಡು. ಮಳೆ ಬಂದ ದಿನ ಬಸ್ಸು ನಮ್ಮ ಪಕ್ಕದಲ್ಲೇ ಹೋಗುತ್ತಿತ್ತು. ಒಳಗಿದ್ದ ಗೆಳತಿಯರು ಕಿಟಕಿಯಿಂದ ಕೈ ಬೀಸುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳಿಗೇನು ಗೊತ್ತು. ಆದರೆ "ಎಲ್ಲರೂ ಒಂದೇ ಥರ ಇದ್ದೆವು" ಅಂತ ಓದಿದಾಗಲೆಲ್ಲ ಆ ಕಿಟಕಿ ಕಣ್ಣ ಮುಂದೆ ಬರುತ್ತದೆ.

ಲಿಸ್ಟಿನಲ್ಲಿದ್ದವರಿಗೆ ಜಾತಿ ಅಡ್ಡ ಬರಲಿಲ್ಲ, ಒಪ್ಪುತ್ತೇನೆ. ಲಿಸ್ಟಿನಲ್ಲಿಲ್ಲದವರ ಕಥೆ ಬೇರೆ. ನಾವು ವಠಾರದಲ್ಲಿದ್ದೆವು. ನಲ್ಲಿ ಒಂದೇ. ಅಲ್ಲಿ ಅಕ್ಕಪಕ್ಕದವರು ಸಹಾಯ ಮಾಡುತ್ತಿದ್ದದ್ದು ಯಾವ ಲಿಸ್ಟಿನಿಂದಲೂ ಅಲ್ಲ. ಅಮ್ಮನಿಗೆ ಟೈಫಾಯಿಡ್ ಆದಾಗ ಹಾಸನ ಕಡೆಯಿಂದ ಬಂದಿದ್ದ ಒಬ್ಬರು ಅಕ್ಕ, ತಾವೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವರು, ಬೆಳಗಿನ ಜಾವ ಎದ್ದು ನಮ್ಮ ಮನೆಗೂ ರಾಗಿಮುದ್ದೆ ಕಟ್ಟಿಟ್ಟು ಹೋಗುತ್ತಿದ್ದರು. ಅಮ್ಮ ಏಳುವವರೆಗೂ ಹಾಗೇ ನಡೆಸಿದರು.

ಎಸ್ಟೇಟ್ ಹುಡುಗ:

ದಾಸರಹಳ್ಳಿಯವರೇ, ಬರೆದದ್ದಕ್ಕೆ ಥ್ಯಾಂಕ್ಸ್. ಇದು ಬರಲೇಬೇಕಿತ್ತು. ನಮ್ಮ ಕ್ಲಾಸಿನಲ್ಲೂ ನಡೆದು ಬರುವವರಿದ್ದರು. ಮಧ್ಯಾಹ್ನ ಊಟಕ್ಕೆ ಅವರು ಮರದ ಕೆಳಗೆ ಬೇರೆ ಕೂರುತ್ತಿದ್ದರು. ಯಾರೂ ಕೂರಿಸಿರಲಿಲ್ಲ, ಆದರೂ ಹಾಗೆ ಆಗುತ್ತಿತ್ತು. ನಿಮ್ಮ ಅಕ್ಕನ ಮಾತು ಓದಿದ ಮೇಲೆ ನನ್ನ ಲಿಸ್ಟಿನ ವಾದಕ್ಕೆ ಅರ್ಧ ಬಲ ಅಂತ ಕಾಣುತ್ತದೆ. ಲಿಸ್ಟು ಜನರನ್ನು ಪಕ್ಕಪಕ್ಕ ಕೂರಿಸಿತು, ಅಷ್ಟೇ ಅದರ ಕೆಲಸ. ವಠಾರದಲ್ಲಿ ಅದನ್ನು ಬಡತನ ಮಾಡಿತು.

ಆದರೆ ಒಂದು ಕೇಳಲೇ? ವಠಾರದಲ್ಲೂ ಮನೆ ಕೊಡುವ ಮುಂಚೆ ಓನರ್ ಜಾತಿ ಕೇಳುತ್ತಿರಲಿಲ್ಲವಾ?

ದಾಸರಹಳ್ಳಿ ಕಡೆಯವಳು:

ಕೇಳುತ್ತಿದ್ದರು. ನಮಗೆ ಎರಡು ಕಡೆ ಮನೆ ಸಿಗದೇ ಇದ್ದದ್ದು ಅದಕ್ಕೇ. ಮೂರನೇ ಕಡೆಯವರು ಕೇಳಲಿಲ್ಲ, ಅಲ್ಲೇ ಉಳಿದೆವು.

ಚಳಿಗಾಲದ ಸ್ಟ್ರೈಕ್:

77 ದಿನದ ಸ್ಟ್ರೈಕ್ ಯಾರಿಗೆ ನೆನಪಿದೆ? 1980ರ ಡಿಸೆಂಬರ್ ಕೊನೆಗೆ ಶುರು, ಮುಗಿದದ್ದು ಮಾರ್ಚ್‌ನಲ್ಲಿ. ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಲಕ್ಷಕ್ಕೂ ಜಾಸ್ತಿ ಜನ. ಬಿಎಚ್‌ಇಎಲ್‌ನವರಿಗೆ ಸರಿಸಮ ಸಂಬಳ ಬೇಕು ಅನ್ನೋದು ಮುಖ್ಯ ಬೇಡಿಕೆ.

ನನಗಾಗ ಒಂಬತ್ತು ವರ್ಷ. ಮೊದಲು ಖುಷಿಯೇ ಆಗಿತ್ತು, ಅಪ್ಪ ದಿನಾ ಮನೆಯಲ್ಲಿ. ಸಂಕ್ರಾಂತಿ ಬಂದಾಗ ಎಳ್ಳು ಬೀರಲು ಹೊರಟ ಅಮ್ಮನ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇರಲಿಲ್ಲ. ಆಗ ಅರ್ಥವಾಯಿತು. ಜನವರಿ ಸಂಬಳ ಇಲ್ಲ, ಫೆಬ್ರವರಿ ಇಲ್ಲ. ಅಮ್ಮನ ಕೈಬಳೆ ಮಾರ್ವಾಡಿ ಅಂಗಡಿಗೆ ಹೋಯಿತು. ಇಡೀ ಬೀದಿಯಲ್ಲಿ ಒಂದೇ ಥರ, ಹಾಗಾಗಿ ಯಾರೂ ಯಾರ ಮುಂದೂ ಮುಚ್ಚಿಡಲಿಲ್ಲ. ನಮ್ಮ ಬೀದಿಯಲ್ಲಿ ಸಂಬಳ ಬರುತ್ತಿದ್ದದ್ದು ಒಂದೇ ಮನೆಗೆ. ಅವರು ರಾಜ್ಯ ಸರ್ಕಾರದ ಕೆಲಸದಲ್ಲಿದ್ದವರು, ಬಾಡಿಗೆಗೆ ಬಂದಿದ್ದರು. ಅವರ ಮನೆಯಲ್ಲಿ ಸಾರಿನ ಪಾತ್ರೆ ದೊಡ್ಡದಾಯಿತು. ಸಂಜೆ ಮಕ್ಕಳನ್ನು "ಬಂದು ಹೋಂವರ್ಕ್ ಮಾಡಿಕೊಳ್ಳಿ, ನಮ್ಮಲ್ಲಿ ಬಲ್ಬು ದೊಡ್ಡದಿದೆ" ಅಂತ ಕರೆಯುತ್ತಿದ್ದರು. ಹೋಂವರ್ಕ್ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಊಟ ಮಾಡದೆ ಎಬ್ಬಿಸುತ್ತಿರಲಿಲ್ಲ. ಊಟಕ್ಕೆ ಬನ್ನಿ ಅಂತ ಒಂದು ದಿನವೂ ಕರೆದವರಲ್ಲ, ಬಲ್ಬಿಗೇ ಕರೆದದ್ದು.

ದಿನಸಿ ಅಂಗಡಿಯವರು ಬರೆದಿಟ್ಟುಕೊಂಡು ಕೊಟ್ಟರು. ಸ್ಟ್ರೈಕ್ ಮುಗಿದಾಗ ಕೇಳಿದ್ದೆಲ್ಲ ಸಿಗಲಿಲ್ಲ. ಗಂಡಸರು ಬೇಜಾರಿನಲ್ಲೇ ಗೇಟಿನೊಳಗೆ ಹೋದರು. ಅಂಗಡಿ ಸಾಲ ತೀರಲು ಮುಂದಿನ ದೀಪಾವಳಿ ದಾಟಿತು.

ಟೀಚರ್ ಮಗ:

ಮೇಲಿನವರಿಗೆ ಒಂದು ವಿಷಯ. ನಮ್ಮಮ್ಮ ಅದೇ ಕಡೆಯ ಒಂದು ಶಾಲೆಯಲ್ಲಿ ಟೀಚರ್. ತಿಂಗಳಿಗೊಮ್ಮೆ ಫೀಸು ಕಟ್ಟದವರ ಹೆಸರನ್ನು ಕ್ಲಾಸಿನಲ್ಲಿ ಓದಬೇಕಿತ್ತು. ಆ ಎರಡೂವರೆ ತಿಂಗಳು ಟೀಚರ್‌ಗಳೆಲ್ಲ ಮಾತಾಡಿಕೊಂಡು ಆ ಹಾಳೆಯನ್ನು ಯಾರೂ ಓದಲಿಲ್ಲ. ರಿಜಿಸ್ಟರಿನಲ್ಲಿ ಮಡಿಚಿಟ್ಟರು. ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ನನಗೂ ಅಮ್ಮ ರಿಟೈರ್ ಆದ ಮೇಲೆ ಹೇಳಿದ್ದು.

ಚಳಿಗಾಲದ ಸ್ಟ್ರೈಕ್:

ಇಷ್ಟು ವರ್ಷದ ಮೇಲೆ ಇದು ಗೊತ್ತಾಯಿತಲ್ಲ. ನಿಮ್ಮ ಅಮ್ಮ ಇದ್ದಾರಾ? ಇದ್ದರೆ ನನ್ನ ನಮಸ್ಕಾರ ತಿಳಿಸಿ.

ಟೀಚರ್ ಮಗ:

ಇದ್ದಾರೆ. ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. "ಆ ವರ್ಷ ಮಕ್ಕಳು ಟಿಫಿನ್ ಬಾಕ್ಸ್ ಮುಚ್ಚಳ ಅರ್ಧ ಮಾತ್ರ ತೆಗೆದು ತಿನ್ನುತ್ತಿದ್ದರು" ಅಂದರು.

ಸೋಪ್ ಫ್ಯಾಕ್ಟರಿ ಹಿಂದಿನ ಬೀದಿ:

ರಾಜಾಜಿನಗರದವರಿಗೂ ಜಾಗ ಕೊಡಿ. ನಮ್ಮ ಶಾಲೆಗೆ ಗಂಟೆ ಬೇಕಿರಲಿಲ್ಲ, ವಾಸನೆಯೇ ಸಾಕಿತ್ತು. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ಈ ಕಡೆ ಬಂತು. ಗಾಳಿ ಬೀಸಿದರೆ ಇಡೀ ಕ್ಲಾಸು ಗಂಧ. ಬೇರೆ ಊರಿಂದ ಬಂದ ನೆಂಟರು ಬಸ್ ಇಳಿದ ಕೂಡಲೇ "ಯಾರ ಮನೆಯಲ್ಲಿ ಪೂಜೆ?" ಅಂತ ಕೇಳುತ್ತಿದ್ದರು.

ಇನ್ನು ಬೇರಿಂಗ್ ಗಾಡಿ. ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳಿಂದ ಸವೆದ ಬೇರಿಂಗ್ ಕೇಳಿ ತರುತ್ತಿದ್ದೆವು. ಹಿಂದೆ ಎರಡು, ಮುಂದೆ ಒಂದು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ತಿರುಗಿಸಲು ಹಗ್ಗ. ಇಳಿಜಾರಿನಲ್ಲಿ ಬಿಟ್ಟರೆ ಆ ಕರಕರ ಸದ್ದಿಗೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. ನಮ್ಮ ಗಾಡಿಯ ಆಕ್ಸಲ್ಲನ್ನು ಮೂಲೆ ಮನೆಯ ಸಾಬರ ಮಾವ ಲೇತಿನಲ್ಲಿ ಕಡೆದು ಕೊಟ್ಟಿದ್ದರು. ಬೇರಿಂಗ್ ಒಳಗೆ ಎಷ್ಟು ಬಿಗಿಯಾಗಿ ಕೂರುತ್ತಿತ್ತು ಅಂದರೆ ಸುತ್ತಿಗೆಯಲ್ಲಿ ಒಂದೇ ತಟ್ಟು ಸಾಕು. ಆಟದ ಗಾಡಿಗೆ ಇಷ್ಟು ನೀಟು ಯಾಕೆ ಅಂತ ಕೇಳಿದ್ದಕ್ಕೆ, "ಸುಮ್ನೆ ಹೇಗೋ ಮಾಡಿಕೊಡಲು ಕೈ ಬರಲ್ಲ ಮಗ" ಅಂದರು.

ವಾಚ್ ಫ್ಯಾಕ್ಟರಿ ಮಗಳು:

ನಮ್ಮ ಕಡೆ ಬೇರಿಂಗ್ ಒಡೆದು ಒಳಗಿನ ಗುಂಡುಗಳನ್ನು ಗೋಲಿ ಆಡುತ್ತಿದ್ದೆವು. ಗಾಜಿನ ಗೋಲಿ ಇದಕ್ಕೆ ತಾಗಿದರೆ ಚೂರು. ಅದಕ್ಕೇ ಶಾಲೆಯಲ್ಲಿ ಬ್ಯಾನ್ ಮಾಡಿದ್ದರು.

ಟಿವಿ ಬಗ್ಗೆ ಯಾರೂ ಬರೆದಿಲ್ಲ. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಶುರುವಾಯಿತು. ನಮ್ಮ ಬೀದಿಯಲ್ಲಿ ಮೊದಲು ಟಿವಿ ತಂದವರು ಅದನ್ನು ಕಿಟಕಿ ಕಡೆಗೆ ತಿರುಗಿಸಿ ಇಟ್ಟುಕೊಂಡಿದ್ದರು, ಹೊರಗೆ ನಿಂತವರಿಗೂ ಕಾಣಲಿ ಅಂತ. 1983ರ ವಿಶ್ವಕಪ್ ಫೈನಲ್ ರಾತ್ರಿ ಆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿದವರು ಬಸ್ ಇಳಿದು ಸೀದಾ ಅಲ್ಲಿಗೇ ಬಂದಿದ್ದರು.

ಹೆಸರು ಬೇಡ:

ನಾನು ಇದನ್ನು ಎಲ್ಲೂ ಬರೆದಿಲ್ಲ. ಇಲ್ಲಿ ಬರೆಯಬಹುದು ಅನ್ನಿಸಿತು.

1991ರ ಡಿಸೆಂಬರ್. ಕಾವೇರಿ ಮಧ್ಯಂತರ ತೀರ್ಪು ಗೆಜೆಟ್‌ನಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ಗಲಾಟೆ. ನಾವು ತಮಿಳರು. ಅಪ್ಪ ಕಾರ್ಖಾನೆಗೆ ಸೇರಿದ್ದು ನಾನು ಹುಟ್ಟುವ ಮುಂಚೆ. ನಾನು ಓದಿದ್ದು ಕನ್ನಡ ಮೀಡಿಯಂ, ಕನಸು ಬೀಳುವುದೂ ಕನ್ನಡದಲ್ಲೇ. ಅವತ್ತು ಮಾತ್ರ ಮನೆ ಮುಂದೆ ಇದ್ದ ಅಪ್ಪನ ಹೆಸರಿನ ಬೋರ್ಡು ನೋಡಿ ಅಮ್ಮನಿಗೆ ಕೈ ನಡುಗಿತು.

ಸಂಜೆ ಆಗುವುದಕ್ಕೆ ಮುಂಚೆಯೇ ಪಕ್ಕದ ಮನೆಯವರು, ಮಂಡ್ಯದವರು, ಬಂದರು. ನೆನಪಿಡಿ, ಮಂಡ್ಯದವರು. ಅವರ ಊರಿನಲ್ಲಿ ಗದ್ದೆಗೆ ಬರುವುದೇ ಕಾವೇರಿ ನೀರು. ಮಾತು ಜಾಸ್ತಿ ಆಡಲಿಲ್ಲ. ಬೋರ್ಡ್ ಬಿಚ್ಚಿ ತಮ್ಮ ಮನೆಯೊಳಗಿಟ್ಟರು. ನಮ್ಮ ಮನೆಗೆ ಬೀಗ ಹಾಕಿ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಅಪ್ಪನಿಗೆ ಮತ್ತು ಆ ಮಾವನಿಗೆ ಕಾರ್ಖಾನೆಯಲ್ಲಿ ಯೂನಿಯನ್ ಚುನಾವಣೆ ವಿಷಯಕ್ಕೆ ಮಾತು ಬಿಟ್ಟು ವರ್ಷವಾಗಿತ್ತು. ಅವತ್ತು ರಾತ್ರಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಬಾಗಿಲ ಕಡೆ ನೋಡುತ್ತಾ ಬೆಳಗು ಮಾಡಿದರು. ಊರು ತಣ್ಣಗಾದ ಮೇಲೆ ಬೋರ್ಡನ್ನು ಮಾವನೇ ತಂದು ಮೊಳೆ ಹೊಡೆದರು.

ಬೇರೆ ಬೀದಿಗಳಲ್ಲಿ ಹೀಗಾಗಲಿಲ್ಲ. ಅದೂ ನನಗೆ ಗೊತ್ತು. ನಮ್ಮ ಕ್ಲಾಸಿನ ಒಬ್ಬ ಹುಡುಗ ಆಮೇಲೆ ಶಾಲೆಗೆ ಬರಲೇ ಇಲ್ಲ, ಮನೆಯವರೆಲ್ಲ ಊರು ಬಿಟ್ಟರು ಅಂದರು. ಹಾಜರಿಯಲ್ಲಿ ಅವನ ಹೆಸರನ್ನು ಟೀಚರ್ ವರ್ಷ ಮುಗಿಯುವವರೆಗೂ ಹೊಡೆದು ಹಾಕಲಿಲ್ಲ.

ಎಸ್ಟೇಟ್ ಹುಡುಗ:

ಬರೆದದ್ದು ಒಳ್ಳೆಯದಾಯಿತು. ಇದು ಇಲ್ಲಿ ಉಳಿಯಲಿ.

ದಾಸರಹಳ್ಳಿ ಕಡೆಯವಳು:

ಇದನ್ನು ಓದಿದ ಮೇಲೆ ಯಾವ ವಾದವೂ ಬೇಡ ಅನ್ನಿಸುತ್ತಿದೆ. ಆ ಮಂಡ್ಯದವರ ಹತ್ತಿರ ಯಾವ ಲಿಸ್ಟೂ ಇರಲಿಲ್ಲ.

ವಿಆರ್‌ಎಸ್ ಬ್ಯಾಚ್:

ನಾನು ನಿಮಗೆಲ್ಲ ಚಿಕ್ಕವನು, ಹುಟ್ಟಿದ್ದು 90ರಲ್ಲಿ. ನೀವು ಕಂಡ ಕಾಲೊನಿಯ ಕೊನೆಯ ಭಾಗ ನಾವು ಕಂಡೆವು. ನಮ್ಮ ಕ್ಲಾಸಿನಲ್ಲಿ "ವಿಆರ್‌ಎಸ್" (ಸ್ವಯಂ ನಿವೃತ್ತಿ) ಅನ್ನೋ ಮಾತು ಮಗ್ಗಿ ಜೊತೆಗೇ ಬಾಯಿಗೆ ಬಂದಿತ್ತು. ಯಾರಪ್ಪ ತಗೊಂಡರು, ಯಾರಪ್ಪ ತಗೊಳ್ಳಲಿಲ್ಲ. ತಗೊಂಡವರು ಕ್ವಾರ್ಟರ್ಸ್ ಖಾಲಿ ಮಾಡಬೇಕು. ವರ್ಷದ ಮಧ್ಯದಲ್ಲಿ ಬೆಂಚು ಖಾಲಿಯಾಗುತ್ತಿತ್ತು. ಕೆಲವರು ಊರಿಗೆ ಹೋದರು, ಕೆಲವರು ಚಿಕ್ಕಬಾಣಾವರ, ನೆಲಮಂಗಲ ಕಡೆ ಸೈಟಿನಲ್ಲಿ ಮನೆ ಕಟ್ಟಿದರು. ಮನೆ ಖಾಲಿಯಾದ ಮೇಲೆ ಬಾಗಿಲಿಗೆ ಬೀಗ, ಮುಂದೆ ಗಿಡ ಬೆಳೆಯಿತು. ನಾವು ಆ ಮನೆಗಳ ಹಿತ್ತಲಿನ ಸೀಬೆ, ನುಗ್ಗೆ ಕಿತ್ತು ತರುತ್ತಿದ್ದೆವು. ಅಮ್ಮ ಬೈಯುತ್ತಿದ್ದರು, "ನೆಟ್ಟವರು ಬಂದು ಕೇಳಿದರೆ ಏನು ಹೇಳ್ತೀಯ?"

2016ರಲ್ಲಿ ಎಚ್‌ಎಂಟಿ ವಾಚ್ ಮುಚ್ಚಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಆಗ ನಾನು ಕೆಲಸಕ್ಕೆ ಸೇರಿದ್ದೆ. ಆಫೀಸಿನಲ್ಲಿ ಇದು ಒಂದು ಸುದ್ದಿ ಅಷ್ಟೇ. ಮನೆಗೆ ಬಂದರೆ ಅಪ್ಪ ಪೇಪರನ್ನು ಮಡಿಚಿ ಅಲಮಾರಿಯೊಳಗೆ ಇಟ್ಟಿದ್ದರು.

ಈಗ ಎಚ್‌ಎಂಟಿ ಎಸ್ಟೇಟಿನಲ್ಲಿ ವಾಚ್ ಮ್ಯೂಸಿಯಂ ಇದೆ, 2019ರಿಂದ. ವಾಚ್ ಫ್ಯಾಕ್ಟರಿ ಮಗಳೇ, ನೀವು ಅಮ್ಮನನ್ನು ಕರೆದುಕೊಂಡು ಹೋಗಿದ್ದೀರಾ?

ವಾಚ್ ಫ್ಯಾಕ್ಟರಿ ಮಗಳು:

ಹೋಗಿದ್ದೆ. ಅಮ್ಮ ಗೋಡೆ ಮೇಲಿನ ಬರಹ ಒಂದೂ ಓದಲಿಲ್ಲ. ಸೀದಾ ವಾಚುಗಳಿದ್ದ ಗಾಜಿನ ಹತ್ತಿರ ಹೋಗಿ "ಇದರಲ್ಲಿ ಕೂತಿದ್ದೆ, ಇದರಲ್ಲೂ ಕೂತಿದ್ದೆ, ಇದು ಬೇರೆ ಸೆಕ್ಷನ್ನು" ಅಂತ ತೋರಿಸುತ್ತಾ ಹೋದರು. ಪಕ್ಕದಲ್ಲಿದ್ದ ಕಾಲೇಜು ಹುಡುಗರು ಹಿಂದೆ ಹಿಂದೆಯೇ ಬಂದರು. ಅಮ್ಮ ಅವರಿಗೆ ಪೂರ್ತಿ ಕ್ಲಾಸು ತೆಗೆದುಕೊಂಡರು.

ದೂರವಾಣಿನಗರದವನು:

ಇದು ಬಹಳ ಚೆನ್ನಾಗಿದೆ. ಅಮ್ಮಂದಿರು, ಅಪ್ಪಂದಿರು ಇನ್ನೂ ಇರುವವರು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಾರ್ಖಾನೆಯ ಚರಿತ್ರೆ ಫೈಲಿನಲ್ಲಿರುತ್ತದೆ. ಸ್ಟ್ರೈಕ್ ಕಾಲದ ಸಾರಿನ ಪಾತ್ರೆ ಯಾವ ಫೈಲಿನಲ್ಲೂ ಇಲ್ಲ. ನಮ್ಮ ಮಾವ ಹೋಗಿ ಬಹಳ ವರ್ಷವಾಯಿತು. ಬೆಂಕಿಕಡ್ಡಿ ಪಾಠ ನನ್ನ ತಲೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ, ಅದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಸೋಪ್ ಫ್ಯಾಕ್ಟರಿ ಹಿಂದಿನ ಬೀದಿ:

ಒಂದು ಸೇರಿಸುತ್ತೇನೆ. ಕಾರ್ಖಾನೆ ಬಿಟ್ಟ ಎಷ್ಟೋ ಜನ ಪೀಣ್ಯದಲ್ಲಿ ಒಂದು ಲೇತು ಹಾಕಿಕೊಂಡು ಶುರು ಮಾಡಿದರು. ಆ ಲೇತೂ ಬಹಳ ಸಲ ಎಚ್‌ಎಂಟಿದೇ. ಬೇರಿಂಗ್ ಗಾಡಿಗೆ ಆಕ್ಸಲ್ ಕಡೆದುಕೊಟ್ಟ ಮಾವನೂ ಹಾಗೇ ಮಾಡಿದರು. ನಮ್ಮ ಬೀದಿಯ, ಓದು ಹತ್ತದ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ಕೆಲಸ ಕಲಿಸಿದರು. ಯಾವ ಮನೆಯವನು ಅಂತ ಕೇಳುತ್ತಿರಲಿಲ್ಲ. ಅಳತೆ ಮಾಡುವ ವರ್ನಿಯರ್ ಕೈಗೆ ಕೊಟ್ಟು "ಓದು" ಅನ್ನುತ್ತಿದ್ದರು. ಡೆಸಿಮಲ್ ಅಂದರೆ ಓಡಿಹೋಗುತ್ತಿದ್ದ ಹುಡುಗರು ಎರಡು ವಾರದಲ್ಲಿ ಮಿಲಿಮೀಟರಿನ ಐವತ್ತನೇ ಒಂದು ಭಾಗ ಓದಿ ಹೇಳುತ್ತಿದ್ದರು.

ದಾಸರಹಳ್ಳಿ ಕಡೆಯವಳು:

ಆ ಶೆಡ್ಡು ಪೀಣ್ಯ ಎರಡನೇ ಹಂತದ ಕಡೆ, ಬೇವಿನ ಮರದ ಪಕ್ಕದಲ್ಲಿತ್ತಾ? ಮಧ್ಯಾಹ್ನ ಎಲ್ಲರಿಗೂ ಒಟ್ಟಿಗೆ ಊಟ ಹಾಕಿಸುತ್ತಿದ್ದರಾ?

ಸೋಪ್ ಫ್ಯಾಕ್ಟರಿ ಹಿಂದಿನ ಬೀದಿ:

ಹೌದು! ನಿಮಗೆ ಹೇಗೆ ಗೊತ್ತು?

ದಾಸರಹಳ್ಳಿ ಕಡೆಯವಳು:

ನಮ್ಮಪ್ಪನ ಮೊದಲ ಶೆಡ್ಡು ಮುಚ್ಚಿದ ಮೇಲೆ ಅವರನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ. ನನ್ನ ಎಸ್ಸೆಸ್ಸೆಲ್ಸಿ ಫೀಸು ಕಟ್ಟಿದ್ದೂ ಅವರೇ, ಅಪ್ಪನಿಗೂ ಹೇಳದೆ, ಶಾಲೆಗೇ ಬಂದು. ಅವರ ಮನೆಯವರು ಈಗ ಎಲ್ಲಿದ್ದಾರೆ ಅಂತ ಗೊತ್ತಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಈ ಭಾನುವಾರವೇ ಹೋಗುತ್ತೇನೆ, ಅಪ್ಪನನ್ನೂ ಕರೆದುಕೊಂಡು.

ಸೋಪ್ ಫ್ಯಾಕ್ಟರಿ ಹಿಂದಿನ ಬೀದಿ:

ಅವರ ಮಗನ ನಂಬರ್ ನನ್ನ ಹತ್ತಿರ ಇದೆ. ಈಗಲೇ ಅವನಿಗೆ ಫೋನ್ ಮಾಡಿ ಕೇಳಿ, ಒಪ್ಪಿದರೆ ನಿಮಗೆ ಕಳಿಸುತ್ತೇನೆ. ಮಾವ ಇನ್ನೂ ಇದ್ದಾರೆ. ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡಬೇಕು.